ಶ್ರೀಮಂತರ ಮನೆಯ ಇಬ್ಬರು ಹುಡುಗಿಯರು ಪ್ರೀತಿಸಿದರೆ, ಆಗ ತಡೆಯುತ್ತಿದ್ದವರು ಯಾರು?

ಅರ್ಧ ಬರೆದ ಕತೆ

ಎಲ್ಲರಿಗೂ ನಮಸ್ಕಾರ. ಒಂದು ಕತೆ ಬರೆಯುತ್ತಿದ್ದೇನೆ. ಕಾಲ 1810ರ ಆಸುಪಾಸು, ಜಾಗ ಇಂಗ್ಲೆಂಡ್. ಒಬ್ಬಳು ದೊಡ್ಡ ಜಮೀನ್ದಾರನ ಮಗಳು, ಇನ್ನೊಬ್ಬಳು ಪಕ್ಕದ ಎಸ್ಟೇಟಿನವಳು. ಇಬ್ಬರಿಗೂ ಇಪ್ಪತ್ತು ದಾಟಿದೆ. ಪ್ರೀತಿ ಶುರುವಾಗುತ್ತದೆ, ಅಪ್ಪನಿಗೆ ಗೊತ್ತಾಗುತ್ತದೆ. "ನಿಮ್ಮಿಬ್ಬರನ್ನೂ ಜೈಲಿಗೆ ಹಾಕಿಸುತ್ತೇನೆ" ಎಂದು ಅಪ್ಪ ಗುಡುಗುತ್ತಾನೆ. ಕತೆ ಇಲ್ಲಿಗೆ ಬಂದು ನಿಂತುಬಿಟ್ಟಿದೆ. ಅಪ್ಪ ಹೇಳಿದ್ದು ನಿಜವಾಗಿ ಸಾಧ್ಯವಿತ್ತಾ? ಆ ಕಾಲದ ಬಗ್ಗೆ ಓದಿಕೊಂಡವರು ದಯವಿಟ್ಟು ಹೇಳಿ. ಸಿನಿಮಾದಲ್ಲಿ ನೋಡಿದ್ದು ಬೇಡ, ಅದನ್ನು ನಾನೂ ನೋಡಿದ್ದೇನೆ.

ಕರಿ ಕೋಟು

ಆ ಸಾಲು ತೆಗೆದುಬಿಡಿ. ಜೈಲು ಇರಲಿಲ್ಲ.

ಗಂಡಸರಾಗಿದ್ದರೆ ಮಾತೇ ಬೇರೆ. ಅವರಿಗೆ ಗಲ್ಲು ಇತ್ತು. ಇಂಗ್ಲೆಂಡಿನಲ್ಲಿ ಈ ಕಾರಣಕ್ಕೆ ಕೊನೆಯ ಸಲ ಇಬ್ಬರನ್ನು ನೇಣಿಗೆ ಹಾಕಿದ್ದು 1835ರಲ್ಲಿ. ಆದರೆ ಹೆಂಗಸರ ಬಗ್ಗೆ ಕಾನೂನು ಬಾಯಿಯನ್ನೇ ಬಿಡಲಿಲ್ಲ. 1885ರಲ್ಲಿ ಬಂದ ಹೊಸ ಕಲಂ ಕೂಡ ಗಂಡಸರನ್ನು ಮಾತ್ರ ಹೆಸರಿಸಿತು. "ಹೆಂಗಸರು ಹೀಗೆಲ್ಲ ಮಾಡುವುದಿಲ್ಲ ಅಂತ ವಿಕ್ಟೋರಿಯಾ ರಾಣಿ ಸಹಿ ಹಾಕಲಿಲ್ಲ" ಎನ್ನುವ ಕತೆ ಓಡಾಡುತ್ತಿದೆಯಲ್ಲ, ಅದು ಕಟ್ಟುಕತೆ. ಆ ಕಲಮಿನಲ್ಲಿ ಹೆಂಗಸರ ಮಾತು ಬಂದೇ ಇರಲಿಲ್ಲ.

ಮಜಾ ಇರುವುದು 1921ರಲ್ಲಿ. ಹೆಂಗಸರನ್ನೂ ಸೇರಿಸೋಣ ಎಂಬ ತಿದ್ದುಪಡಿ ಕೆಳಮನೆಯಲ್ಲಿ ಪಾಸಾಯಿತು. ಮೇಲ್ಮನೆಯಲ್ಲಿ ಬಿತ್ತು. ಬಿದ್ದದ್ದು ಯಾಕೆ ಗೊತ್ತಾ? ಸಾವಿರಕ್ಕೆ 999 ಹೆಂಗಸರು ಇಂಥದ್ದೊಂದು ಇದೆ ಎಂದು ಕೇಳಿಯೇ ಇಲ್ಲ, ಕಾನೂನು ಮಾಡಿ ನಾವೇ ಯಾಕೆ ಹೇಳಿಕೊಡಬೇಕು ಎನ್ನುವ ಅರ್ಥದಲ್ಲಿ ಲಾರ್ಡ್ ಬರ್ಕನ್‌ಹೆಡ್ ವಾದಿಸಿದರು.

ಕೊಡೆ

ಅಂದರೆ ಮಗು ಹೊಸ ಬೈಗುಳ ಕಲಿತೀತು ಅಂತ ದೊಡ್ಡವರು ಜಗಳವನ್ನೇ ಪಿಸುಮಾತಿನಲ್ಲಿ ಆಡುತ್ತಾರಲ್ಲ, ಹಾಗೆ.

ಹಳೇ ಪೆಟ್ಟಿಗೆ

ಕತೆಗಾರರೇ, ನಿಮ್ಮ ಅಪ್ಪನ ಪಾತ್ರಕ್ಕೆ ಜೈಲು ಬೇಕಾಗಿಯೇ ಇಲ್ಲ. ಅವನ ಹತ್ತಿರ ಅದಕ್ಕಿಂತ ಗಟ್ಟಿಯಾದದ್ದು ಇದೆ: ದುಡ್ಡು.

ಆ ಮನೆಗಳ ಲೆಕ್ಕ ಹೀಗಿತ್ತು. ಜಮೀನು ಹಿರಿಯ ಮಗನಿಗೆ. ಹೆಣ್ಣುಮಕ್ಕಳಿಗೆ ಒಂದು ಮೊತ್ತ, ಅದೂ ಸಾಮಾನ್ಯವಾಗಿ ಮದುವೆಯ ಹೊತ್ತಿಗೆ, ಎರಡೂ ಕಡೆಯ ವಕೀಲರು ಕೂತು ಬರೆದ ಕರಾರಿನ ಪ್ರಕಾರ. ಮದುವೆಯಾದ ಮೇಲೆ ಅವಳ ಕೈಲಿದ್ದ ಹಣ ಗಂಡನದ್ದು. ಬೇರೆ ಕರಾರು ಮಾಡಿಕೊಂಡಿದ್ದರೆ ಮಾತ್ರ ಬಚಾವ್. ಹೆಂಡತಿಗೆ ತನ್ನದೇ ಆಸ್ತಿ ಎಂಬ ಹಕ್ಕು 1870 ಮತ್ತು 1882ರ ಕಾಯ್ದೆಗಳು ಬಂದ ಮೇಲಿನ ಮಾತು. ಇನ್ನು ಮದುವೆಯಾಗದೆ ಉಳಿದವಳು? 21 ತುಂಬಿದ್ದರೆ ಆಸ್ತಿಯನ್ನು ತನ್ನ ಹೆಸರಲ್ಲೇ ಇಟ್ಟುಕೊಳ್ಳಬಹುದಿತ್ತು. ಆದರೆ ಮೊದಲು ಯಾರಾದರೂ ಅವಳಿಗೆ ಆಸ್ತಿ ಕೊಡಬೇಕಲ್ಲ! ಕೊಡದಿದ್ದರೆ ಅಣ್ಣನ ಮನೆಯಲ್ಲಿ ಮೂಲೆಯ ಕೋಣೆ, ಅತ್ತಿಗೆಯ ಮಕ್ಕಳಿಗೆ ಪಾಠ.

ಹಾಗಾಗಿ ಆ ಅಪ್ಪ ಕೂಗಾಡುವುದಿಲ್ಲ. ವಕೀಲನಿಗೆ ಒಂದು ಚೀಟಿ ಬರೆಯುತ್ತಾನೆ.

ಸುಮ್ನೆ ಓದುವವನು

ಒಂದು ಅನುಮಾನ. ನಾವು ಇವತ್ತಿನ ಕನ್ನಡಕ ಹಾಕಿಕೊಂಡು ನೋಡುತ್ತಿಲ್ಲವೇ? ಆ ಕಾಲದಲ್ಲಿ ಗೆಳತಿಯರು ಒಬ್ಬರಿಗೊಬ್ಬರು "ಪ್ರಾಣವೇ" ಎಂದು ಬರೆಯುವುದು, ಒಂದೇ ಹಾಸಿಗೆಯಲ್ಲಿ ಮಲಗುವುದು, ಕೂದಲ ಎಳೆಯನ್ನು ಲಾಕೆಟ್ಟಿನಲ್ಲಿ ಇಟ್ಟುಕೊಳ್ಳುವುದು ಎಲ್ಲ ಮಾಮೂಲು. ಮನೆಯವರೇ ಅದನ್ನು ನೋಡಿ ಖುಷಿಪಡುತ್ತಿದ್ದರು. ಹುಡುಗರ ಜೊತೆ ಸುತ್ತುವುದಕ್ಕಿಂತ ಇದು ವಾಸಿ ಅಂತ. ಎಲ್ಲವನ್ನೂ ಪ್ರೇಮ ಅಂದರೆ ಹೇಗೆ?

ಮೂಗುತಿ

ಮಾಮೂಲು ಅನ್ನುವುದು ನಿಜ. ಆದರೆ ಮಾಮೂಲಾದದ್ದಕ್ಕೆ ಯಾರಾದರೂ ಕಿಟಕಿ ಹಾರುತ್ತಾರಾ?

ಐರ್ಲೆಂಡಿನ ಎಲೀನರ್ ಬಟ್ಲರ್ ಮತ್ತು ಸಾರಾ ಪಾನ್ಸನ್‌ಬಿ ಅವರ ಕತೆ ಕೇಳಿ. ಎಲೀನರ್ ಕಿಲ್ಕೆನಿ ಕೋಟೆಯ ಮನೆತನದವಳು. ನಲವತ್ತರ ಹತ್ತಿರ ಬಂದರೂ ಮದುವೆಯಿಲ್ಲ, ಮನೆಯವರಿಗೆ ಅವಳನ್ನು ಫ್ರಾನ್ಸಿನ ಕಾನ್ವೆಂಟಿಗೆ ಸಾಗಹಾಕುವ ಆಲೋಚನೆ. ಸಾರಾ ಅನಾಥೆ. ವುಡ್‌ಸ್ಟಾಕ್ ಎಂಬಲ್ಲಿ ನೆಂಟರ ಮನೆಯಲ್ಲಿದ್ದಳು, ಇಪ್ಪತ್ತು ದಾಟಿದವಳು. ಆ ಮನೆಯ ಯಜಮಾನನೇ ಅವಳ ಹಿಂದೆ ಬಿದ್ದಿದ್ದ. ಹೆಂಡತಿ ಇನ್ನೂ ಬದುಕಿದ್ದಳು, ನೆನಪಿರಲಿ.

1778ರ ಮಾರ್ಚ್ ತಿಂಗಳ ಒಂದು ರಾತ್ರಿ ಸಾರಾ ಗಂಡಸಿನ ಬಟ್ಟೆ ತೊಟ್ಟು ಕಿಟಕಿಯಿಂದ ಇಳಿದಳು. ಕೈಯಲ್ಲಿ ಪಿಸ್ತೂಲು, ಜೊತೆಗೆ ಫ್ರಿಸ್ಕ್ ಎಂಬ ನಾಯಿಮರಿ. (ನಾಯಿಯನ್ನು ಬಿಟ್ಟು ಓಡುವವಳಲ್ಲ. ಅಲ್ಲಿಗೇ ನನಗೆ ಅವಳು ಇಷ್ಟವಾದಳು.) ವಾಟರ್‌ಫರ್ಡಿಗೆ ಹೋಗಿ ಹಡಗು ಹತ್ತುವ ಲೆಕ್ಕ. ಕೊಟ್ಟಿಗೆಯಲ್ಲಿ ಮಲಗಿ ಸಾರಾಗೆ ಜ್ವರ ಬಂತು, ಇಬ್ಬರೂ ಸಿಕ್ಕಿಬಿದ್ದರು. ಎಲೀನರ್‌ಳನ್ನು ಅಕ್ಕನ ಗಂಡನ ಮನೆಯಲ್ಲಿ ಕಾವಲಿನಲ್ಲಿ ಇಟ್ಟರು. ಅವಳು ಅಲ್ಲಿಂದಲೂ ತಪ್ಪಿಸಿಕೊಂಡು ಬಂದು ಸಾರಾಳ ಕೋಣೆಯಲ್ಲೇ ಅಡಗಿದಳು. ಕದ್ದು ಊಟ ಕೊಟ್ಟವಳು ಮನೆಗೆಲಸದ ಮೇರಿ ಕ್ಯಾರಿಲ್. ಕೊನೆಗೆ ಮನೆಯವರೇ ಸೋತರು. ಮೇ ತಿಂಗಳಲ್ಲಿ ಇಬ್ಬರೂ ಹೊರಟರು. 1780ರಲ್ಲಿ ವೇಲ್ಸ್‌ನ ಲ್ಯಾಂಗೊಲೆನ್‌ನಲ್ಲಿ ಒಂದು ಮನೆ ಹಿಡಿದು ಪ್ಲಾಸ್ ನೆವಿಡ್ ಎಂದು ಹೆಸರಿಟ್ಟರು. ಎಲೀನರ್ 1829ರಲ್ಲಿ ಸಾಯುವ ತನಕ ಅಲ್ಲೇ ಇದ್ದರು. ಸುಮಾರು ಐವತ್ತು ವರ್ಷ! ಸಾರಾ ಹೋದದ್ದು 1831ರಲ್ಲಿ. ಊರಿನ ಚರ್ಚಿನ ಅಂಗಳದಲ್ಲಿ ಅವರಿಬ್ಬರಿಗೂ ಮೇರಿಗೂ ಒಂದೇ ಸಮಾಧಿ ಕಲ್ಲು ಇದೆ.

ಸುಮ್ನೆ ಓದುವವನು

ಇದು ನನ್ನ ಮಾತಿಗೇ ಸಾಕ್ಷಿ ಆಯಿತಲ್ಲ. ವರ್ಡ್ಸ್‌ವರ್ತ್, ಕಾದಂಬರಿಕಾರ ವಾಲ್ಟರ್ ಸ್ಕಾಟ್, ಸೇನಾನಿ ಡ್ಯೂಕ್ ಆಫ್ ವೆಲಿಂಗ್ಟನ್ ಎಲ್ಲ ಅವರ ಮನೆಗೆ ಬಂದವರೇ. ರಾಜನ ಬೊಕ್ಕಸದಿಂದ ಪಿಂಚಣಿಯೂ ಸಿಕ್ಕಿತು. ನಿಷಿದ್ಧ ಪ್ರೇಮ ಆಗಿದ್ದರೆ ಇಷ್ಟು ಮರ್ಯಾದೆ ಸಿಗುತ್ತಿತ್ತಾ?

ಹಳೇ ಪೆಟ್ಟಿಗೆ

ಮರ್ಯಾದೆ ಸಿಕ್ಕಿತು, ಒಂದು ಷರತ್ತಿನ ಮೇಲೆ. ಅದಕ್ಕೆ "ಸ್ನೇಹ" ಎಂಬ ಹೆಸರೇ ಇರಬೇಕು.

1790ರಲ್ಲಿ ಒಂದು ಪತ್ರಿಕೆ ಅವರ ಬಗ್ಗೆ ಬರೆಯಿತು. ಎಲೀನರ್ ಎತ್ತರದ ಗಂಡುಬೀರಿ, ಸಾರಾ ನಾಜೂಕಿನ ಚೆಲುವೆ ಎಂಬ ಧಾಟಿ. ಬಿಡಿಸಿ ಹೇಳಿರಲಿಲ್ಲ, ಆದರೆ ಓದಿದವರಿಗೆಲ್ಲ ಅರ್ಥವಾಗುವ ಹಾಗಿತ್ತು. ಇವರು ಕೊತಕೊತ ಕುದಿದುಹೋದರು. ಕೇಸು ಹಾಕಬಹುದಾ ಎಂದು ಹೆಸರಾಂತ ರಾಜಕಾರಣಿ ಎಡ್ಮಂಡ್ ಬರ್ಕ್ ಅವರನ್ನೇ ಕೇಳಿದರು. ಬರ್ಕ್ ಸಮಾಧಾನ ಮಾಡಿ, ಬೇಡ ಅಂದರು. ಬರೀ ಗೆಳತಿಯರಾಗಿದ್ದರೆ ಆ ಬರಹ ಅಷ್ಟು ಚುಚ್ಚಬೇಕಾಗಿರಲಿಲ್ಲ ಎಂದು ನನಗೆ ಅನಿಸುತ್ತದೆ. ನೀವು ಒಪ್ಪಬೇಕಾಗಿಲ್ಲ.

ಆ ಮನೆಗೆ 1822ರಲ್ಲಿ ಇನ್ನೊಬ್ಬಳು ಬಂದಳು. ಯಾರ್ಕ್‌ಶೈರಿನ ಆನ್ ಲಿಸ್ಟರ್. ಮುದುಕಿಯಾಗಿದ್ದ ಸಾರಾಳನ್ನು ಮಾತಾಡಿಸಿ ಬಂದ ಮೇಲೆ, ಇದು ಬರೀ ಸ್ನೇಹ ಎಂದು ನನಗೆ ಅನಿಸುವುದಿಲ್ಲ ಎಂಬ ಅರ್ಥದಲ್ಲಿ ತನ್ನ ಡೈರಿಯಲ್ಲಿ ಬರೆದುಕೊಂಡಳು. ಹಾವಿನ ಹೆಜ್ಜೆ ಹಾವಿಗೇ ಗೊತ್ತು, ಅಲ್ವಾ?

ಅರ್ಧ ಬರೆದ ಕತೆ

ಆನ್ ಲಿಸ್ಟರ್ ಹೆಸರು ಕೇಳಿದ್ದೇನೆ. ಗುಪ್ತ ಲಿಪಿಯಲ್ಲಿ ಡೈರಿ ಬರೆದವಳಲ್ಲವೇ? ಸ್ವಲ್ಪ ಬಿಡಿಸಿ ಹೇಳಿ.

ಹಳೇ ಪೆಟ್ಟಿಗೆ

ಅವಳೇ. 1791ರಲ್ಲಿ ಹುಟ್ಟಿದವಳು, ಹ್ಯಾಲಿಫ್ಯಾಕ್ಸ್ ಪಕ್ಕದ ಶಿಬ್ಡನ್ ಹಾಲ್ ಮನೆತನ. ಡೈರಿ ಹತ್ತಿರಹತ್ತಿರ 50 ಲಕ್ಷ ಪದ. ಅದರಲ್ಲಿ ಸುಮಾರು ಆರನೇ ಒಂದು ಭಾಗ ಗ್ರೀಕ್ ಅಕ್ಷರ, ಗಣಿತದ ಚಿಹ್ನೆ ಬೆರೆಸಿದ ಲಿಪಿಯಲ್ಲಿದೆ. 1890ರ ದಶಕದಲ್ಲಿ ಅದೇ ಮನೆತನದ ಜಾನ್ ಲಿಸ್ಟರ್ ಮತ್ತು ಅವನ ಗೆಳೆಯ ಆರ್ಥರ್ ಬರೆಲ್ ಕೂತು ಅದನ್ನು ಒಡೆದರು. "ದೇವರಲ್ಲಿ ನನ್ನ..." ಎಂದು ಬರೆದ ಒಂದು ಚೂರು ಕಾಗದ ಸಿಕ್ಕಿತ್ತು. ಮುಂದಿನ ಗುಪ್ತ ಪದ "ಭರವಸೆ" ಇರಬೇಕು ಎಂದು ಊಹಿಸಿದರು. ಅಷ್ಟು ಸಾಕಾಯಿತು. ಓದಿದ ಬರೆಲ್ ಬೆಚ್ಚಿಬಿದ್ದು "ಸುಟ್ಟುಬಿಡು" ಅಂದ. ಜಾನ್ ಸುಡಲಿಲ್ಲ. ಗೋಡೆಯ ಹಲಗೆಯ ಹಿಂದೆ ಬಚ್ಚಿಟ್ಟ. ಅವನಿಗೊಂದು ನಮಸ್ಕಾರ.

ನಿಮ್ಮ ಕತೆಗೆ ಬೇಕಾದದ್ದು ಮರಿಯಾನಾಳ ಪ್ರಸಂಗ. ಮರಿಯಾನಾ ಬೆಲ್ಕೂಮ್ ಆನ್‌ಳ ಪ್ರೇಯಸಿ, ಯಾರ್ಕ್‌ನ ಡಾಕ್ಟರ ಮಗಳು. ಮನೆತುಂಬ ಹೆಣ್ಣುಮಕ್ಕಳು, ಅಪ್ಪನಿಗೆ ದೊಡ್ಡ ಜಮೀನಿಲ್ಲ. ಆನ್‌ಗೂ ಆಗ ಕೈಯಲ್ಲಿ ಕಾಸಿಲ್ಲ. 1816ರಲ್ಲಿ ಮರಿಯಾನಾ ಚಾರ್ಲ್ಸ್ ಲಾಟನ್ ಎಂಬ ಶ್ರೀಮಂತ ವಿಧುರನನ್ನು ಮದುವೆಯಾದಳು. ಮದುವೆಯಾದ ಕೂಡಲೇ ಹೊರಡುವ ಪ್ರವಾಸಕ್ಕೆ ಹೆಣ್ಣಿನ ಕಡೆಯವರು ಜೊತೆಗೆ ಹೋಗುವ ರೂಢಿ ಆಗ ಇತ್ತು. ಆನ್ ಕೂಡ ಹೋದಳು! ಪ್ರೀತಿಸಿದವಳ ಹನಿಮೂನಿಗೆ. ಈ ಮದುವೆಯನ್ನು ಕಾನೂನು ಒಪ್ಪಿದ ವೇಶ್ಯಾವೃತ್ತಿ ಎಂದು ಡೈರಿಯಲ್ಲಿ ಬರೆದುಕೊಂಡಳು. ಚಾರ್ಲ್ಸ್ ಬೇಗ ಸತ್ತಾನು, ಆಮೇಲೆ ಒಟ್ಟಿಗೆ ಇರೋಣ ಎಂದು ಇಬ್ಬರೂ ವರ್ಷಗಟ್ಟಲೆ ಕಾದರು. ಅವನು ಆನ್‌ಗಿಂತ ಹೆಚ್ಚು ಕಾಲ ಬದುಕಿದ.

ಇಲ್ಲಿ ಜೈಲು ಎಲ್ಲಿ ಬಂತು? ಬೈಗುಳ ಎಲ್ಲಿ ಬಂತು? ಎಲ್ಲ ಗೌರವವಾಗಿಯೇ ನಡೆಯಿತು.

ಕೊಡೆ

ಹನಿಮೂನಿನ ಸಾರೋಟಿನಲ್ಲಿ ಎದುರುಬದುರು ಕೂತ ಮೂವರು. ಕತೆ ಅಲ್ಲೇ ಇದೆ, ಬೇರೆ ಯಾಕೆ ಬರೆಯಬೇಕು?

ಮೂಗುತಿ

ಆನ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅವಳ ಮೊದಲ ಸಂಗಾತಿಯ ಬಗ್ಗೆ ಹೇಳಲೇಬೇಕು, ಯಾಕೆಂದರೆ ಅವಳು ನಮ್ಮ ಕಡೆಯವಳು. ಎಲೈಜಾ ರೇನ್, ಹುಟ್ಟಿದ್ದು ಮದ್ರಾಸಿನಲ್ಲಿ. ಅಪ್ಪ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ, ಅಮ್ಮ ಭಾರತದವಳು. ಅಮ್ಮನ ಹೆಸರು ಯಾರೂ ಹೇಳುವುದಿಲ್ಲ, ಅದೇ ನನಗೆ ಸಂಕಟ. ಅಪ್ಪ ತೀರಿಕೊಂಡ. ಎಲೈಜಾ ಮತ್ತು ಅವಳ ಅಕ್ಕ ಯಾರ್ಕ್‌ನಲ್ಲಿ ಅಪ್ಪನ ಗೆಳೆಯನ ಆಶ್ರಯದಲ್ಲಿ ಬೆಳೆದರು. ಬೋರ್ಡಿಂಗ್ ಶಾಲೆಯಲ್ಲಿ ಆನ್ ಜೊತೆಯಾದಳು. ಆ ಗುಪ್ತ ಲಿಪಿ ಶುರುವಾದದ್ದೇ ಇವರಿಬ್ಬರ ನಡುವೆ.

ಎಲೈಜಾಳ ಹೆಸರಲ್ಲಿ ಅಪ್ಪ 4000 ಪೌಂಡ್ ಇಟ್ಟಿದ್ದ, 21ಕ್ಕೆ ಕೈಗೆ ಬರುವ ಹಣ. ಬಂದ ಮೇಲೆ ಇಬ್ಬರೂ ಒಟ್ಟಿಗೆ ಮನೆ ಮಾಡುವುದು ಎಂಬ ಕನಸು. ನೋಡಿ, ಇಲ್ಲಿ ದುಡ್ಡು ಇತ್ತು! ಆದರೆ ಅಷ್ಟರಲ್ಲಿ ಆನ್‌ಳ ಮನಸ್ಸು ಬೇರೆ ಕಡೆ ತಿರುಗಿತ್ತು. ಊರಿನ ತಿಳಿಬಣ್ಣದ ಮುಖಗಳ ನಡುವೆ ಎಲೈಜಾ ಒಂಟಿಯಾದಳು. 1814ರಲ್ಲಿ ಅವಳನ್ನು ಮಾನಸಿಕ ರೋಗಿಗಳ ಆಶ್ರಮಕ್ಕೆ ಸೇರಿಸಿದರು. ನಡೆಸುತ್ತಿದ್ದವರು ಯಾರು? ಡಾಕ್ಟರ್ ಬೆಲ್ಕೂಮ್, ಮರಿಯಾನಾಳ ಅಪ್ಪ. ಎಲೈಜಾ 1860ರವರೆಗೆ ಬದುಕಿದ್ದಳು. ಮನೆ ಅಂತ ಒಂದು ಮತ್ತೆ ಆಗಲೇ ಇಲ್ಲ.

ಹಾಗಾಗಿ ಹಳೇ ಪೆಟ್ಟಿಗೆಯವರೇ, ಎಲ್ಲವೂ ದುಡ್ಡೇ ಅಂದರೆ ನಾನು ಪೂರ್ತಿ ಒಪ್ಪುವುದಿಲ್ಲ. ಬೆನ್ನಿಗೆ ಒಂದು ಮನೆತನ ಬೇಕಾಗಿತ್ತು. ಆನ್‌ಗೆ ಅದು ಇತ್ತು, ಎಲೈಜಾಗೆ ಇರಲಿಲ್ಲ.

ಹಳೇ ಪೆಟ್ಟಿಗೆ

ಒಪ್ಪಿದೆ. ನಾನು ಹೇಳಿದ್ದು ಅರ್ಧ ಮಾತ್ರ.

ಕರಿ ಕೋಟು

ಅದೇ ಕಾಲದ ಇನ್ನೊಂದು ಕೇಸು ಹೇಳುತ್ತೇನೆ. ಎಡಿನ್‌ಬರೋ, 1810. ಜೇನ್ ಪಿರಿ ಮತ್ತು ಮೇರಿಯನ್ ವುಡ್ಸ್ ಎಂಬ ಇಬ್ಬರು ಗೆಳತಿಯರು ದೊಡ್ಡ ಮನೆಯ ಹುಡುಗಿಯರಿಗಾಗಿ ಶಾಲೆ ನಡೆಸುತ್ತಿದ್ದರು. ಜೇನ್ ಕಮಿಂಗ್ ಎಂಬ ವಿದ್ಯಾರ್ಥಿನಿ ಈ ಇಬ್ಬರ ನಡುವೆ ಸಂಬಂಧ ಇದೆ ಎಂದು ಅಜ್ಜಿಗೆ ಹೇಳಿದಳು. ಅಜ್ಜಿ ಡೇಮ್ ಹೆಲೆನ್ ಕಮಿಂಗ್ ಗಾರ್ಡನ್, ಊರಿನಲ್ಲಿ ತೂಕದ ಹೆಂಗಸು. ಬೇರೆ ಮನೆಗಳಿಗೂ ಹೇಳಿ ಕಳಿಸಿದಳು. ಕೆಲವೇ ದಿನದಲ್ಲಿ ಶಾಲೆ ಖಾಲಿ.

ಟೀಚರುಗಳು ಮಾನನಷ್ಟದ ದಾವೆ ಹೂಡಿದರು. 1811ರಲ್ಲಿ ನಾಲ್ಕಕ್ಕೆ ಮೂರರಂತೆ ಸೋತರು. 1812ರಲ್ಲಿ ಮರುವಿಚಾರಣೆ, ಈ ಸಲ ನಾಲ್ಕಕ್ಕೆ ಮೂರರಂತೆ ಗೆದ್ದರು. ಅಜ್ಜಿ ಮೇಲ್ಮನವಿ ಹೋದಳು, 1819ರಲ್ಲಿ, ಆಗ ಕೊನೆಯ ಕೋರ್ಟೂ ಆಗಿದ್ದ ಮೇಲ್ಮನೆ ಅದನ್ನು ತಳ್ಳಿಹಾಕಿತು. ಗೆದ್ದರೂ ಶಾಲೆ ಹೋಯಿತು, ಗೆಳೆತನವೂ ಉಳಿಯಲಿಲ್ಲ.

ಈಗ ಮುಖ್ಯ ವಿಷಯ. ಜೇನ್ ಕಮಿಂಗ್ ಹುಟ್ಟಿದ್ದೂ ಭಾರತದಲ್ಲಿ, ಅವಳ ತಾಯಿಯೂ ಭಾರತದವಳು. ಬ್ರಿಟನ್ನಿನ ಮರ್ಯಾದಸ್ಥ ಹೆಂಗಸರಿಗೆ ಇಂಥದ್ದು ಗೊತ್ತೇ ಇಲ್ಲ, ಈ ಹುಡುಗಿ ಭಾರತದ ದಾದಿಯರಿಂದ ಕಲಿತಿರಬೇಕು ಎಂಬ ವಾದ ಕೋರ್ಟಿನಲ್ಲೇ ನಡೆಯಿತು. ಅದೇ ಹೊತ್ತಿಗೆ ಯಾರ್ಕ್‌ಶೈರಿನ ಆನ್ ಲಿಸ್ಟರ್ ಏನೇನು ಬರೆದಿಡುತ್ತಿದ್ದಳು ಎಂದು ಆ ನ್ಯಾಯಾಧೀಶರಿಗೆ ಗೊತ್ತಿದ್ದಿದ್ದರೆ!

ಕೊಡೆ

ತಮ್ಮ ಮನೆಯ ಕೊಳೆಗೆ ಪರದೇಶದ ಧೂಳು ಅಂತ ಹೆಸರು.

ಅರ್ಧ ಬರೆದ ಕತೆ

ಕೊಳೆ ಅನ್ನಬೇಡಿ ಕೊಡೆಯವರೇ.

ಕೊಡೆ

ತಪ್ಪಾಯಿತು. ನ್ಯಾಯಾಧೀಶರ ಬಾಯಲ್ಲಿ ಹೇಳಿದ್ದು. ನನ್ನದಲ್ಲ.

ಸುಮ್ನೆ ಓದುವವನು

ಇನ್ನೂ ಮೇಲಿನ ಅಂತಸ್ತಿನಲ್ಲಿ, ಅಂದರೆ ರಾಜಮನೆತನದಲ್ಲಿ ಹೇಗಿತ್ತು? ಅಲ್ಲಿ ದುಡ್ಡಿಗೂ ಮನೆತನಕ್ಕೂ ಕೊರತೆ ಇರಲಿಲ್ಲವಲ್ಲ.

ಹಳೇ ಪೆಟ್ಟಿಗೆ

ಅಲ್ಲಿ ಬಾಗಿಲು ಇನ್ನೂ ಬಿಗಿ. ಇಟಲಿಯ ಪಾರ್ಮಾದ ರಾಜಕುಮಾರಿ ಇಸಾಬೆಲ್ಲಾಳನ್ನು 1760ರಲ್ಲಿ ವಿಯೆನ್ನಾಗೆ ಕಳಿಸಿದರು, ಮುಂದೆ ಚಕ್ರವರ್ತಿಯಾಗುವ ಜೋಸೆಫ್‌ನ ಹೆಂಡತಿಯಾಗಿ. ಆಗ ಅವಳಿಗೆ ಹದಿನೆಂಟು. ಗಂಡ ಅವಳನ್ನು ಹಚ್ಚಿಕೊಂಡ. ಅವಳು ಹಚ್ಚಿಕೊಂಡದ್ದು ಗಂಡನ ತಂಗಿ ಮರಿಯಾ ಕ್ರಿಸ್ಟೀನಾಳನ್ನು. ಒಂದೇ ಅರಮನೆ, ದಿನಾ ನೋಡಬಹುದು. ಆದರೂ ಚೀಟಿ ಬರೆಯುತ್ತಿದ್ದಳು. ಸುಮಾರು 200 ಪತ್ರಗಳು ಉಳಿದಿವೆ, ಫ್ರೆಂಚಿನಲ್ಲಿ. ಗ್ರೀಕ್ ಪುರಾಣದ ಪ್ರೇಮಿಗಳ ಹಾಗೆ ಆರ್ಫಿಯಸ್, ಯೂರಿಡಿಸಿ ಎಂದು ತಮಗೆ ಹೆಸರಿಟ್ಟುಕೊಂಡು ಆಡುವ ಆಟವೂ ಅದರಲ್ಲಿದೆ. ಕ್ರಿಸ್ಟೀನಾ ಬರೆದ ಉತ್ತರಗಳು ಉಳಿದಿಲ್ಲ.

ಅವಳಿಗೆ ಓಡಿಹೋಗುವ ಕಿಟಕಿಯೇ ಇರಲಿಲ್ಲ. ಮಗು ಹೆರುವುದೇ ಕೆಲಸ. ಹೆತ್ತಳು, ಗರ್ಭಪಾತ ಆದವು, ಸಾವಿನ ಮಾತು ಪತ್ರಗಳಲ್ಲಿ ಹೆಚ್ಚುತ್ತಾ ಹೋಯಿತು. 1763ರಲ್ಲಿ ಸಿಡುಬು ತಗುಲಿ ತೀರಿಕೊಂಡಳು. ವಯಸ್ಸು 21. ಕತೆಗಾರರು ಈ ಕಡೆ ಹೋಗಬೇಡಿ, ನನಗೇ ಓದಿ ಎರಡು ದಿನ ಮಂಕು ಕವಿದಿತ್ತು.

ಅರ್ಧ ಬರೆದ ಕತೆ

ಪತ್ರದ ಮಾತು ಬಂತಲ್ಲ. ನನ್ನ ಹುಡುಗಿಯರು ದಿನಾ ಪತ್ರ ಬರೆಯುವ ಹಾಗೆ ಮಾಡಿದ್ದೇನೆ. ಇಂಗ್ಲೆಂಡಿನಲ್ಲಿ ಅದು ಸುಲಭವಿತ್ತಾ?

ಕರಿ ಕೋಟು

ಸುಲಭ ಅಲ್ಲ. 1840ರಲ್ಲಿ ಪೆನ್ನಿ ಅಂಚೆ (ಕಳಿಸುವವರೇ ಒಂದು ಪೆನ್ನಿ ಕೊಡುವ ಪದ್ಧತಿ) ಬರುವ ತನಕ ಸಾಮಾನ್ಯವಾಗಿ ದುಡ್ಡು ಕೊಡುತ್ತಿದ್ದವರು ಪತ್ರ ಪಡೆದವರು. ದೂರದ ಮೇಲೆ, ಹಾಳೆಗಳ ಲೆಕ್ಕದ ಮೇಲೆ. ಅದಕ್ಕೇ ಒಂದೇ ಹಾಳೆಯಲ್ಲಿ ಬರೆದು, ತಿರುಗಿಸಿ, ಬರೆದದ್ದರ ಮೇಲೆಯೇ ಅಡ್ಡಡ್ಡ ಮತ್ತೆ ಬರೆಯುತ್ತಿದ್ದರು. ಹಣ ಕೊಡುವವನು ಅಪ್ಪ, ಮದುವೆಯಾದ ಮೇಲೆ ಗಂಡ. "ಏನಂತೆ ನಿನ್ನ ಗೆಳತಿ?" ಎಂದು ಕೇಳದೆ ಇರುತ್ತಾನಾ? ಊಟದ ಕೋಣೆಯಲ್ಲಿ ಗಟ್ಟಿಯಾಗಿ ಓದಿ ಹೇಳುವ ರೂಢಿಯೂ ಇತ್ತು. ಹಾಗಾಗಿ ಪತ್ರದ ಮುಕ್ಕಾಲು ಭಾಗ ಹವಾಮಾನ, ನೆಂಟರ ಕಾಯಿಲೆ. ಅಸಲಿ ಮಾತು ಮೂಲೆಯಲ್ಲಿ ಎರಡು ಸಾಲು.

ಸುಮ್ನೆ ಓದುವವನು

ನಾನು ಅರ್ಧ ಸೋತೆ ಎಂದು ಬರೆದುಕೊಳ್ಳಿ. ಆದರೂ ಹೆಸರಿನ ಜಗಳ ಮುಗಿದಿಲ್ಲ. ಆನ್ ಲಿಸ್ಟರ್ 1834ರ ಈಸ್ಟರ್ ದಿನ ಯಾರ್ಕ್‌ನ ಗುಡ್‌ರಾಮ್‌ಗೇಟ್ ಚರ್ಚಿನಲ್ಲಿ ಆನ್ ವಾಕರ್ ಜೊತೆ ಪ್ರಸಾದ ಸ್ವೀಕರಿಸಿ, ಅದನ್ನೇ ಮದುವೆ ಅಂದುಕೊಂಡಳು. 2018ರಲ್ಲಿ ಅಲ್ಲೊಂದು ಫಲಕ ಹಾಕಿದರು. "ಲೆಸ್ಬಿಯನ್" ಎಂಬ ಪದ ಇಲ್ಲ ಎಂದು ಗಲಾಟೆ ಆಯಿತು, 2019ರಲ್ಲಿ ಆ ಪದ ಹಾಕಿ ಹೊಸ ಫಲಕ ಬಂತು. ಅವಳೇ ಬಳಸದ ಪದ ಅದು.

ಮೂಗುತಿ

ಪದ ಬಳಸಲಿಲ್ಲ. ಆದರೆ ತಾನು ಪ್ರೀತಿಸುವುದು ಹೆಣ್ಣನ್ನು, ಹೆಣ್ಣನ್ನು ಮಾತ್ರ ಎಂದು 1821ರಲ್ಲೇ ಬರೆದಿಟ್ಟಳಲ್ಲ. ಜ್ವರ ಎಂಬ ಪದ ಗೊತ್ತಿಲ್ಲದವರಿಗೂ ಮೈ ಸುಡುತ್ತದೆ ಸ್ವಾಮಿ. ಹೋಲಿಕೆ ಸರಿಯಿಲ್ಲ, ಗೊತ್ತು. ಅವಸರದಲ್ಲಿ ಬಂತು.

ಅರ್ಧ ಬರೆದ ಕತೆ

ಆ ಇಬ್ಬರು ಆನ್‌ಗಳು ಕೊನೆಗೆ ಏನಾದರು? ಅವರಿಗೆ ದುಡ್ಡೂ ಇತ್ತು, ಮನೆತನವೂ ಇತ್ತು ಅಲ್ಲವೇ?

ಹಳೇ ಪೆಟ್ಟಿಗೆ

ಎರಡೂ ಇತ್ತು. ಲಿಸ್ಟರ್‌ಗೆ ಅಣ್ಣತಮ್ಮಂದಿರು ಯಾರೂ ಉಳಿದಿರಲಿಲ್ಲ. ಇವಳು ಮದುವೆಯಾಗಿ ಆಸ್ತಿ ಗಂಡನಿಗೆ ಒಪ್ಪಿಸುವವಳಲ್ಲ ಎಂಬ ನಂಬಿಕೆಯಿಂದ ದೊಡ್ಡಪ್ಪ 1826ರಲ್ಲಿ ಶಿಬ್ಡನ್ ಅನ್ನು ಇವಳಿಗೇ ಬಿಟ್ಟುಹೋದ. ಪಕ್ಕದ ಎಸ್ಟೇಟಿನ ವಾಕರ್ ಅವಳಿಗಿಂತ ಶ್ರೀಮಂತೆ. ಉಂಗುರ ಬದಲಾಯಿಸಿಕೊಂಡರು, ಉಯಿಲುಗಳನ್ನೂ ಬದಲಾಯಿಸಿದರು. ಊರಿನವರು ಸುಮ್ಮನಿರಲಿಲ್ಲ. "ಕ್ಯಾಪ್ಟನ್ ಟಾಮ್ ಲಿಸ್ಟರ್" ಮತ್ತು ಮಿಸ್ ವಾಕರ್ ಅವರ ಮದುವೆ ಎಂದು 1835ರಲ್ಲಿ ಪತ್ರಿಕೆಯಲ್ಲಿ ಕುಚೋದ್ಯದ ಜಾಹೀರಾತು ಹಾಕಿಸಿದರು. ಆದರೂ ಯಾರೂ ಅವರನ್ನು ಬೇರೆ ಮಾಡಲಿಲ್ಲ.

1840ರಲ್ಲಿ ಇಬ್ಬರೂ ಪ್ರವಾಸದಲ್ಲಿದ್ದಾಗ, ಈಗಿನ ಜಾರ್ಜಿಯಾ ದೇಶದ ಕುಟೈಸಿಯಲ್ಲಿ ಜ್ವರ ಬಂದು ಲಿಸ್ಟರ್ ತೀರಿಕೊಂಡಳು. ವಾಕರ್ ಹೆಣವನ್ನು ಅಷ್ಟು ದೂರದಿಂದ ಹ್ಯಾಲಿಫ್ಯಾಕ್ಸಿಗೆ ತಂದಳು. ತಿಂಗಳುಗಟ್ಟಲೆಯ ದಾರಿ. ಉಯಿಲಿನ ಪ್ರಕಾರ ಅವಳು ಬದುಕಿರುವ ತನಕ ಶಿಬ್ಡನ್‌ನಲ್ಲಿ ಇರಬಹುದಿತ್ತು. ಮದುವೆಯಾದರೆ ಮಾತ್ರ ಆ ಹಕ್ಕು ಇಲ್ಲ.

ಮೊದಲಿಂದಲೂ ಅವಳ ಮನಸ್ಸು ಕುಗ್ಗಿದ ಮನಸ್ಸು. ಒಂಟಿಯಾದ ಮೇಲೆ ಜಾಸ್ತಿಯಾಯಿತು. ಎಲ್ಲವೂ ನೆಂಟರ ಪಿತೂರಿ ಎಂದು ನಾನು ಹೇಳುವುದಿಲ್ಲ. ಆದರೆ 1843ರಲ್ಲಿ ಬಂದವರು ನೆಂಟರು, ವಕೀಲ, ಪೊಲೀಸಿನವನು. ಅವಳ ಕೋಣೆ ಒಳಗಿಂದ ಚಿಲಕ ಹಾಕಿತ್ತು. ಬಾಗಿಲನ್ನು ಕೀಲಿನಿಂದಲೇ ಕಳಚಿದರು. ಒಳಗೆ ಚೆಲ್ಲಾಡಿದ ಕಾಗದ, ಹಾಸಿಗೆಯ ಪಕ್ಕ ಗುಂಡು ತುಂಬಿದ ಪಿಸ್ತೂಲುಗಳು. ಅವಳನ್ನು ಯಾರ್ಕ್ ಹತ್ತಿರದ ಆಶ್ರಮಕ್ಕೆ ಸಾಗಿಸಿದರು. ಆಗ ಅದನ್ನು ನಡೆಸುತ್ತಿದ್ದವನು ಮರಿಯಾನಾಳ ತಮ್ಮ.

ಮೂಗುತಿ

ಮತ್ತೆ ಅದೇ ಬೆಲ್ಕೂಮ್ ಕುಟುಂಬ. ಎಲೈಜಾ ಆಗ ಇನ್ನೂ ಬದುಕಿದ್ದಳು.

ಅರ್ಧ ಬರೆದ ಕತೆ

ನಿನ್ನೆ ರಾತ್ರಿ ಕೂತು ಆ ಭಾಗ ಹೊಡೆದುಹಾಕಿದೆ. ಈಗ ಅಪ್ಪ ಕೂಗುವುದಿಲ್ಲ. ಬೆಳಗಿನ ತಿಂಡಿಗೆ ಕೂತಿದ್ದಾರೆ. ಅಂಚೆಯವನು ಬಂದಿದ್ದಾನೆ. ಅಪ್ಪ ಜೇಬಿನಿಂದ ಚಿಲ್ಲರೆ ತೆಗೆದು ಎಣಿಸಿ ಕೊಡುತ್ತಾನೆ. ಪತ್ರವನ್ನು ಮಗಳ ಕಡೆ ಜರುಗಿಸಿ, "ಓದಮ್ಮ, ನಮಗೂ ಕೇಳಲಿ" ಅನ್ನುತ್ತಾನೆ. ಅವಳು ಹವಾಮಾನದಿಂದ ಶುರು ಮಾಡುತ್ತಾಳೆ.

ಮುಂದಿನದು ಬರೆದ ಮೇಲೆ ಹಾಕುತ್ತೇನೆ. ನಾಯಿಯನ್ನೂ ಸೇರಿಸಿದ್ದೇನೆ ಮೂಗುತಿಯವರೇ.